ಕಬ್ಬಿಣದ ಅತಿವಾಹಕಗಳಲ್ಲಿ ಕಾಂತತೆ ಮತ್ತು ಪ್ರಾವಸ್ಥೆಗಳ ಬೇರ್ಪಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಲೇಜುಗಳಲ್ಲಿ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವವರು, ಬೇಸಿಗೆಯ ಪ್ರಾಜೆಕ್ಟ್‌ಗೆಂದು ಸಂಶೋಧನಾ ಸಂಸ್ಥೆಗಳಿಗೆ ಬರುವವರು ಮತ್ತು ಅವರಿಗೆ ಪಾಠ ಹೇಳುವ ಅಧ್ಯಾಪಕರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಕೇಳುವ ಬಗೆ ಬೇರೆ ಬೇರೆಯಾದರೂ ಹೆಚ್ಚಿನ ಪ್ರಶ್ನೆಗಳು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಒಂದೇ ಹರಳಿನಲ್ಲಿ ಕಾಂತತೆಯೂ ಅತಿವಾಹಕತೆಯೂ ಕಂಡುಬಂದಾಗ, ಅವೆರಡೂ ಅವೇ ಪರಮಾಣುಗಳಲ್ಲಿ ನೆಲೆಸಿವೆಯೇ ಅಥವಾ ಹರಳಿನ ಬೇರೆ ಬೇರೆ ಭಾಗಗಳನ್ನು ಹಂಚಿಕೊಂಡಿವೆಯೇ?

ಕಬ್ಬಿಣದ ಅತಿವಾಹಕಗಳು ಎಂದರೆ ಯಾವುವು?

ಕಬ್ಬಿಣದ ಪರಮಾಣುಗಳು ಚೌಕಗಳ ಜಾಲವಾಗಿ ಒಂದು ಪದರದಲ್ಲಿ ಕುಳಿತು, ಆ ಪದರದ ಮೇಲೂ ಕೆಳಗೂ ಆರ್ಸೆನಿಕ್, ರಂಜಕ, ಸೆಲೆನಿಯಂ ಅಥವಾ ಟೆಲ್ಲುರಿಯಂ ಪರಮಾಣುಗಳಿರುವ ಸಂಯುಕ್ತಗಳ ಒಂದು ದೊಡ್ಡ ಕುಟುಂಬವಿದೆ. ಇವುಗಳಲ್ಲಿ ಹಲವನ್ನು ತಣಿಸಿದಾಗ ವಿದ್ಯುತ್ ರೋಧ ಪೂರ್ತಿ ಇಲ್ಲವಾಗುತ್ತದೆ; ಇದೇ ಅತಿವಾಹಕತೆ. ಜಪಾನಿನ ಹಿದಿಯೋ ಹೊಸೊನೊ ಅವರ ತಂಡವು 2006ರಲ್ಲಿ ಲ್ಯಾಂಥನಂ-ಕಬ್ಬಿಣ-ರಂಜಕ-ಆಮ್ಲಜನಕದ ಸಂಯುಕ್ತದಲ್ಲಿ ಸುಮಾರು 4 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು ಕಂಡಾಗ ಹೆಚ್ಚಿನವರು ಅದನ್ನು ಗಮನಿಸಲಿಲ್ಲ. 2008ರಲ್ಲಿ ಅದೇ ತಂಡವು ರಂಜಕದ ಬದಲು ಆರ್ಸೆನಿಕ್ ಹಾಕಿ, ಆಮ್ಲಜನಕದ ಒಂದಿಷ್ಟು ಪಾಲನ್ನು ಫ್ಲೋರಿನ್‌ನಿಂದ ತುಂಬಿ 26 ಕೆಲ್ವಿನ್ ಮುಟ್ಟಿತು. ಲ್ಯಾಂಥನಂ ಜಾಗಕ್ಕೆ ಸಮೇರಿಯಂ ತಂದ ಚೀನಾದ ತಂಡಗಳು ಅದೇ ವರ್ಷ 55 ಕೆಲ್ವಿನ್‌ವರೆಗೂ ಹೋದವು.

ಪ್ರಯೋಗಾಲಯದಲ್ಲಿ ಇವುಗಳನ್ನು ಪರಮಾಣುಗಳ ಅನುಪಾತದಿಂದಲೇ ಕರೆಯುವುದು ವಾಡಿಕೆ. ಮೇಲೆ ಹೇಳಿದ್ದು 1111 ಗುಂಪು, ಬೇರಿಯಂ-ಕಬ್ಬಿಣ-ಆರ್ಸೆನಿಕ್ ಸಂಯುಕ್ತ 122, ಲಿಥಿಯಂ-ಕಬ್ಬಿಣ-ಆರ್ಸೆನಿಕ್ 111, ಕಬ್ಬಿಣದ ಸೆಲೆನೈಡ್ 11. ಮುಂದೆ ಈ ಹೆಸರುಗಳನ್ನೇ ಬಳಸಲಾಗಿದೆ.

ಸಂಸ್ಥೆಗಳ ಓಪನ್ ಡೇಗಳಲ್ಲಿ ದ್ರವ ಸಾರಜನಕ ಸುರಿದು ಅಯಸ್ಕಾಂತವನ್ನು ತೇಲಿಸಿ ತೋರಿಸುವುದು ಇವುಗಳಿಂದಲೇ?

ಅಲ್ಲ. ಆ ಪ್ರದರ್ಶನಕ್ಕೆ ಬಳಸುವುದು ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್. ದ್ರವ ಸಾರಜನಕ 77 ಕೆಲ್ವಿನ್‌ನಲ್ಲಿ ಕುದಿಯುತ್ತದೆ, ಆ ತಾಪದಲ್ಲಿ ಕಬ್ಬಿಣದ ಯಾವ ಸಂಯುಕ್ತದ ತುಂಡೂ ಅತಿವಾಹಕವಾಗುವುದಿಲ್ಲ.

ಕಾಂತತೆ ಅತಿವಾಹಕತೆಯ ಶತ್ರು ಎಂದು ಪಠ್ಯದಲ್ಲಿ ಓದಿದ್ದೇವೆ. ಹಾಗಿದ್ದರೆ ಕಬ್ಬಿಣ ಇಲ್ಲಿಗೆ ಹೇಗೆ ಬಂತು?

ಪಠ್ಯದಲ್ಲಿರುವುದು ತಪ್ಪಲ್ಲ. ಪಾದರಸ, ಸೀಸ, ನಯೋಬಿಯಂನಂಥ ಸಾಂಪ್ರದಾಯಿಕ ಅತಿವಾಹಕಗಳಲ್ಲಿ ಎಲೆಕ್ಟ್ರಾನ್‌ಗಳು ವಿರುದ್ಧ ಸ್ಪಿನ್‌ಗಳ ಜೋಡಿಗಳಾಗುತ್ತವೆ (ಸ್ಪಿನ್ ಎಂದರೆ ಎಲೆಕ್ಟ್ರಾನ್‌ನನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ). ಅಲ್ಲಿಗೆ ಕಾಂತೀಯ ಪರಮಾಣುಗಳನ್ನು ಒಂದೆರಡು ಶೇಕಡಾ ಬೆರೆಸಿದರೂ ಸಾಕು, ಜೋಡಿಗಳು ಮುರಿದುಬಿದ್ದು ಅತಿವಾಹಕತೆ ಅಳಿಯುತ್ತದೆ. ಆದ್ದರಿಂದಲೇ ಹೊಸ ಅತಿವಾಹಕಗಳನ್ನು ಹುಡುಕುವವರು ದಶಕಗಳ ಕಾಲ ಕಬ್ಬಿಣವನ್ನು ದೂರವೇ ಇಟ್ಟಿದ್ದರು. ಶುದ್ಧ ಕಬ್ಬಿಣ ಕೂಡ ಅತಿವಾಹಕವಾಗುತ್ತದೆ ಎಂಬುದು 2001ರಲ್ಲಿ ತಿಳಿಯಿತಾದರೂ, ಅದಕ್ಕೆ ಮೊದಲು ಭಾರಿ ಒತ್ತಡ ಹೇರಿ ಅದರ ಕಾಂತತೆಯನ್ನು ಕಳೆಯಬೇಕಾಯಿತು. ಆಗಲೂ ಸಿಕ್ಕದ್ದು ಸುಮಾರು 2 ಕೆಲ್ವಿನ್.

ಆದರೆ 1111 ಮತ್ತು 122 ಗುಂಪುಗಳಲ್ಲಿ ಮೂಲ ಸಂಯುಕ್ತವೇ ಕಾಂತೀಯ. ಅದರಲ್ಲಿ ಡೋಪಿಂಗ್ (ಕೆಲವು ಪರಮಾಣುಗಳ ಜಾಗದಲ್ಲಿ ಬೇರೆ ಧಾತುವಿನ ಪರಮಾಣುಗಳನ್ನು ಕೂರಿಸುವುದು) ಮಾಡಿದಂತೆ ಅಥವಾ ಒತ್ತಡ ಹೇರಿದಂತೆ ಕಾಂತೀಯ ವ್ಯವಸ್ಥೆ ಕುಗ್ಗುತ್ತದೆ, ಅದು ಕುಗ್ಗುವ ಎಡೆಯಲ್ಲೇ ಅತಿವಾಹಕತೆ ತಲೆಯೆತ್ತುತ್ತದೆ. ಸ್ಪಿನ್‌ಗಳ ಸ್ಥಿರ ಶಿಸ್ತು ಅತಿವಾಹಕತೆಯೊಡನೆ ಪೈಪೋಟಿ ನಡೆಸಿದರೂ, ಆ ಶಿಸ್ತು ಸಡಿಲವಾದ ಮೇಲೆ ಉಳಿಯುವ ಸ್ಪಿನ್‌ಗಳ ಏರಿಳಿತವೇ ಎಲೆಕ್ಟ್ರಾನ್‌ಗಳನ್ನು ಜೋಡಿಯಾಗಿಸುತ್ತದೆ ಎಂಬ ವಿವರಣೆಯನ್ನು ಈಗ ಬಹಳ ಮಂದಿ ಒಪ್ಪುತ್ತಾರೆ.

ಈ ಹರಳುಗಳು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆಯೇ?

ಒಳ್ಳೆಯ ಹರಳು ಅಂಟಿಕೊಳ್ಳುವುದಿಲ್ಲ. ಅಂಟಿಕೊಂಡರೆ ಪ್ರತಿಕ್ರಿಯಿಸದೆ ಉಳಿದ ಕಬ್ಬಿಣದ ಪುಡಿ ಒಳಗಿದೆ ಎಂದು ಮೊದಲು ಅನುಮಾನಿಸಬೇಕು. ಇಲ್ಲಿರುವುದು ಆಂಟಿಫೆರೋಮ್ಯಾಗ್ನೆಟಿಕ್ ವ್ಯವಸ್ಥೆ: ಚೌಕಜಾಲದ ಒಂದು ದಿಕ್ಕಿನಲ್ಲಿ ಅಕ್ಕಪಕ್ಕದ ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡಿರುತ್ತವೆ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಒಂದು ಬಿಟ್ಟು ಒಂದರಂತೆ ತಿರುಗಿರುತ್ತವೆ. ಹೀಗೆ ಪಟ್ಟೆ ಪಟ್ಟೆಯಾಗಿ ನಿಂತ ಸ್ಪಿನ್‌ಗಳ ಮೊತ್ತ ಸೊನ್ನೆಯಾದ್ದರಿಂದ ಹೊರಗೆ ಅಯಸ್ಕಾಂತದ ಗುಣ ಕಾಣುವುದಿಲ್ಲ.

ಸ್ಪಿನ್‌ಗಳ ಈ ಶಿಸ್ತಿನೊಡನೆ ಹರಳಿನ ಆಕಾರವೂ ಬದಲಾಗುತ್ತದೆ. ಬೇರಿಯಂ 122ರಲ್ಲಿ ಸುಮಾರು 140 ಕೆಲ್ವಿನ್ ಹತ್ತಿರ ಚೌಕಜಾಲವು ತುಸು ಎಳೆದ ಆಯತವಾಗುತ್ತದೆ. ಎರಡು ಬದಿಗಳ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ. ಕಬ್ಬಿಣದ ಪ್ರತಿ ಪರಮಾಣುವಿನ ಕಾಂತೀಯ ಮೊಮೆಂಟ್, ಅಂದರೆ ಅದರ ಕಾಂತತೆಯ ಬಲ, ಅಲ್ಲಿ ಸುಮಾರು 0.9 ಬೋರ್ ಮ್ಯಾಗ್ನೆಟಾನ್ (ಪರಮಾಣುಗಳ ಕಾಂತತೆಯನ್ನು ಅಳೆಯುವ ಮಾನ). ಸಾಮಾನ್ಯ ಕಬ್ಬಿಣದಲ್ಲಿ ಅದು 2.2. ಲ್ಯಾಂಥನಂ 1111ರಲ್ಲಿ ಮೊದಲು ಸುಮಾರು 155 ಕೆಲ್ವಿನ್‌ನಲ್ಲಿ ಆಕಾರ ಬದಲಾಗಿ, ಕಾಂತೀಯ ಶಿಸ್ತು 137 ಕೆಲ್ವಿನ್‌ನಲ್ಲಿ ಬರುತ್ತದೆ. ಸ್ಪಿನ್‌ಗಳು ಸಾಲುಗೂಡುವ ಮೊದಲೇ ಎಲೆಕ್ಟ್ರಾನ್‌ಗಳು ಎರಡು ದಿಕ್ಕುಗಳ ನಡುವೆ ಭೇದ ಮಾಡತೊಡಗುವ ಈ ಮಧ್ಯಂತರ ಸ್ಥಿತಿಗೆ ನೆಮ್ಯಾಟಿಕ್ ಸ್ಥಿತಿ ಎಂದು ಹೆಸರು.

ಪ್ರಾವಸ್ಥೆಗಳ ಬೇರ್ಪಡೆ ಎಂದರೇನು?

ಸಾರಿಗೆ ಹಾಕಿದ ಉಪ್ಪು ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಒಗ್ಗರಣೆಯ ಎಣ್ಣೆ ಮಾತ್ರ ಅದೇ ಪಾತ್ರೆಯಲ್ಲಿದ್ದರೂ ಹನಿಹನಿಯಾಗಿ ಬೇರೆಯೇ ನಿಲ್ಲುತ್ತದೆ. ಹರಳಿನಲ್ಲಿ ಕಾಂತತೆ ಮತ್ತು ಅತಿವಾಹಕತೆ ಎರಡನೆಯ ರೀತಿಯಲ್ಲಿ ಇದ್ದರೆ ಅದು ಪ್ರಾವಸ್ಥೆಗಳ ಬೇರ್ಪಡೆ, ಮೊದಲನೆಯ ರೀತಿಯಲ್ಲಿ ಎಲ್ಲೆಡೆ ಒಟ್ಟಿಗೇ ಇದ್ದರೆ ಸಹಬಾಳ್ವೆ.

ಇದರಲ್ಲಿ ಎರಡು ಬಗೆಗಳನ್ನು ಬಿಡಿಸಿ ನೋಡಬೇಕು. ಹರಳಿನ ಒಂದು ಭಾಗದ ರಾಸಾಯನಿಕ ಸಂಯೋಜನೆಯೇ ಇನ್ನೊಂದು ಭಾಗಕ್ಕಿಂತ ಬೇರೆಯಾಗಿದ್ದರೆ ಅದು ರಾಸಾಯನಿಕ ಬೇರ್ಪಡೆ. ಎಕ್ಸ್-ರೇ ವಿವರ್ತನೆಯಲ್ಲಿ ಎರಡು ಜಾಲಕಗಳು ಕಂಡು ಗುಟ್ಟು ಬಯಲಾಗುತ್ತದೆ. ಪರಮಾಣುಗಳು ಎಲ್ಲೆಡೆ ಒಂದೇ ಸಮನಾಗಿದ್ದೂ ಎಲೆಕ್ಟ್ರಾನ್‌ಗಳ ಸ್ಥಿತಿ ಮಾತ್ರ ಜಾಗದಿಂದ ಜಾಗಕ್ಕೆ ಬೇರೆಯಾದರೆ ಅದು ಎಲೆಕ್ಟ್ರಾನಿಕ್ ಬೇರ್ಪಡೆ. ಎರಡನೆಯದನ್ನು ಸಾಧಿಸಿ ತೋರಿಸುವುದು ಕಷ್ಟ. ನನ್ನ ದೃಷ್ಟಿಯಲ್ಲಿ, ಡೋಪಿಂಗ್ ಎಲ್ಲ ಕಡೆ ಸಮವಾಗಿದೆ ಎಂಬುದಕ್ಕೆ ಪ್ರತ್ಯೇಕ ಪುರಾವೆ ಕೊಡುವ ತನಕ ಯಾರೂ ಎಲೆಕ್ಟ್ರಾನಿಕ್ ಬೇರ್ಪಡೆಯ ಹೆಸರೆತ್ತಬಾರದು.

ಬೇರ್ಪಡೆ ಇದೆಯೋ ಸಹಬಾಳ್ವೆ ಇದೆಯೋ ಎಂಬುದನ್ನು ಪ್ರಯೋಗದಿಂದ ಹೇಗೆ ತಿಳಿಯುವುದು? ನ್ಯೂಟ್ರಾನ್ ಪ್ರಯೋಗ ಸಾಲದೇ?

ನ್ಯೂಟ್ರಾನ್ ಚದುರಿಕೆ ಸ್ಪಿನ್‌ಗಳ ಜೋಡಣೆಯನ್ನು ಹೇಳುವಷ್ಟು ಚೆನ್ನಾಗಿ ಬೇರಾವುದೂ ಹೇಳದು. ಆದರೆ ಈ ಪ್ರಶ್ನೆಗೆ ಅದೊಂದೇ ಸಾಲದು, ಏಕೆಂದರೆ ಚದುರಿದ ನ್ಯೂಟ್ರಾನ್‌ಗಳ ನಕ್ಷೆಯಲ್ಲಿ ಸ್ಪಿನ್‌ಗಳ ಶಿಸ್ತಿನಿಂದ ಮೂಡುವ ಕಾಂತೀಯ ಶಿಖರದ ತೀವ್ರತೆಯು ಕಾಂತೀಯ ಭಾಗದ ಘನಗಾತ್ರ ಮತ್ತು ಮೊಮೆಂಟ್‌ನ ವರ್ಗ ಇವೆರಡರ ಗುಣಲಬ್ಧವನ್ನು ಅವಲಂಬಿಸಿರುತ್ತದೆ. ಹರಳಿನ ಕಾಲುಭಾಗದಲ್ಲಿ 0.8 ಮ್ಯಾಗ್ನೆಟಾನ್ ಇದ್ದರೂ ಇಡೀ ಹರಳಿನಲ್ಲಿ 0.4 ಮ್ಯಾಗ್ನೆಟಾನ್ ಇದ್ದರೂ ಶಿಖರ ಅಷ್ಟೇ ಎತ್ತರವಾಗಿ ಕಾಣುತ್ತದೆ. ಆದ್ದರಿಂದ ಸರಾಸರಿ ಕೊಡದೆ, ಪರಮಾಣುವಿನ ಸುತ್ತಮುತ್ತಲನ್ನು ಮಾತ್ರ ನೋಡಿ ಎಣಿಸುವ ವಿಧಾನ ಬೇಕಾಗುತ್ತದೆ.

ಈ ಕುಟುಂಬದ ಅದೃಷ್ಟವೆಂದರೆ ಮಾಸ್‌ಬೌವರ್ ವಿಧಾನಕ್ಕೆ ಬೇಕಾದ ಪರಮಾಣು ಇಲ್ಲಿ ಹೊರಗಿನಿಂದ ಬರಬೇಕಾಗಿಲ್ಲ. ನೈಸರ್ಗಿಕ ಕಬ್ಬಿಣದಲ್ಲಿ ಸುಮಾರು ಶೇಕಡಾ 2ರಷ್ಟಿರುವ ಕಬ್ಬಿಣ-57 ಐಸೋಟೋಪ್ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನು ಹೀರುತ್ತದೆ. ಪರಮಾಣು ಕಾಂತೀಯ ಶಿಸ್ತಿನೊಳಗಿದ್ದರೆ ರೋಹಿತದಲ್ಲಿ ಆರು ಗೆರೆಗಳು, ಇಲ್ಲದಿದ್ದರೆ ಒಂದೋ ಎರಡೋ ಗೆರೆಗಳು ಮೂಡುತ್ತವೆ. ಆರು ಗೆರೆಗಳ ಕ್ಷೇತ್ರಫಲಕ್ಕೂ ಉಳಿದ ಗೆರೆಗಳ ಕ್ಷೇತ್ರಫಲಕ್ಕೂ ಇರುವ ಅನುಪಾತವೇ ಕಾಂತೀಯ ಮತ್ತು ಅಕಾಂತೀಯ ಕಬ್ಬಿಣದ ಅನುಪಾತ. ಗೆರೆಗಳ ನಡುವಿನ ಅಂತರ ಮೊಮೆಂಟ್ ಎಷ್ಟೆಂಬುದನ್ನು ಬೇರೆಯಾಗಿಯೇ ತಿಳಿಸುವುದರಿಂದ ನ್ಯೂಟ್ರಾನ್ ಪ್ರಯೋಗದ ಗೊಂದಲ ಇಲ್ಲಿಲ್ಲ.

ಮ್ಯೂಆನ್ ವಿಧಾನವೂ ಇದೇ ಜಾತಿಯದು. ಮ್ಯೂಆನ್ ಎಂದರೆ ಎಲೆಕ್ಟ್ರಾನ್‌ನಂಥದೇ, ಆದರೆ ಅದಕ್ಕಿಂತ ಭಾರವಾದ ಅಲ್ಪಾಯುಷಿ ಕಣ. ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕುವ ಧನ ಮ್ಯೂಆನ್‌ಗಳನ್ನು ಹರಳಿನೊಳಗೆ ಹೊಗಿಸಿದರೆ ಪ್ರತಿಯೊಂದೂ ತಾನು ನಿಂತ ಎಡೆಯ ಕಾಂತಕ್ಷೇತ್ರದ ಸುತ್ತ ತನ್ನ ಸ್ಪಿನ್ ತಿರುಗಿಸುತ್ತ, ಸಾಯುವಾಗ ಆ ದಿಕ್ಕಿಗೆ ಪಾಸಿಟ್ರಾನ್ ಚಿಮ್ಮುತ್ತದೆ. ಎಷ್ಟು ಪಾಲು ಮ್ಯೂಆನ್‌ಗಳು ಬಲವಾದ ಒಳಕ್ಷೇತ್ರ ಕಂಡವು ಎಂಬುದರಿಂದ ಕಾಂತೀಯ ಘನಗಾತ್ರ ತಿಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕಾಂತೀಯ ದ್ವೀಪಗಳ ನಡುವಿನ ಅಂತರ ಕೆಲವೇ ನ್ಯಾನೋಮೀಟರ್ ಇದ್ದರೆ ಅವುಗಳ ಕ್ಷೇತ್ರ ಹೊರಗೂ ಚಾಚಿ, ನಡುವಿನ ಅಕಾಂತೀಯ ಜಾಗದಲ್ಲಿ ನಿಂತ ಮ್ಯೂಆನ್ ಕೂಡ ತಾನು ಕಾಂತೀಯ ಭಾಗದಲ್ಲೇ ಇದ್ದೇನೆ ಎಂದು ಸಾಕ್ಷಿ ನುಡಿಯುತ್ತದೆ. ಈ ವಸ್ತುಗಳಲ್ಲಿ ಎಲೆಕ್ಟ್ರಾನ್ ಜೋಡಿಯ ಅಗಲವೂ ಸುಮಾರು 2ರಿಂದ 3 ನ್ಯಾನೋಮೀಟರ್ ಆದ್ದರಿಂದ ಆ ಗಾತ್ರದಲ್ಲಿ ಬೇರ್ಪಡೆ, ಸಹಬಾಳ್ವೆ ಎಂಬ ಭೇದವೇ ಮಸುಕಾಗುತ್ತದೆ. ಆರ್ಸೆನಿಕ್ ನ್ಯೂಕ್ಲಿಯಸ್‌ನ ಎನ್‌ಎಂಆರ್ (ನ್ಯೂಕ್ಲಿಯಸ್‌ಗಳ ಕಾಂತೀಯ ಅನುರಣನವನ್ನು ಅಳೆಯುವ ವಿಧಾನ) ಮತ್ತು ಪರಮಾಣು ಮಟ್ಟದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಅಲ್ಲಿ ನೆರವಿಗೆ ಬರುತ್ತವೆ.

ಕೊನೆಗೆ ಬೇರಿಯಂ 122ರಲ್ಲಿ ನಡೆಯುವುದು ಬೇರ್ಪಡೆಯೋ ಸಹಬಾಳ್ವೆಯೋ?

ಕಬ್ಬಿಣದ ಜಾಗದಲ್ಲಿ ಕೆಲವೇ ಶೇಕಡಾ ಕೋಬಾಲ್ಟ್ ಹಾಕಿದ ಬೇರಿಯಂ 122ರಲ್ಲಿ ಉತ್ತರ ಸ್ಪಷ್ಟವಾಗಿದೆ: ಸಹಬಾಳ್ವೆ. ಎನ್‌ಎಂಆರ್‌ನಲ್ಲಿ ಎಲ್ಲ ಆರ್ಸೆನಿಕ್ ಪರಮಾಣುಗಳೂ ಕಾಂತೀಯ ಪರಿಸರದಲ್ಲಿವೆ ಎಂದು ತಿಳಿದದ್ದಲ್ಲದೆ, ಅದೇ ಹರಳು ಅತಿವಾಹಕವೂ ಆಗುತ್ತದೆ. ಇನ್ನೂ ಬಲವಾದ ಸಾಕ್ಷ್ಯ ನ್ಯೂಟ್ರಾನ್‌ನಿಂದ ಬಂತು. ಹರಳನ್ನು ತಣಿಸುತ್ತ ಹೋದಂತೆ ಕಾಂತೀಯ ಶಿಖರ ಏರುತ್ತದೆ, ಅತಿವಾಹಕತೆ ಆರಂಭವಾದ ತಾಪದಲ್ಲಿ ಏರಿಕೆ ನಿಂತು ಶಿಖರ ಇಳಿಯತೊಡಗುತ್ತದೆ. ಆಯತದ ಎಳೆತವೂ ಅದೇ ತಾಪದಿಂದ ಕುಗ್ಗುತ್ತದೆ. ತಕ್ಕ ಡೋಪಿಂಗ್‌ನಲ್ಲಿ ಜಾಲ ಮತ್ತೆ ಚೌಕಕ್ಕೇ ಮರಳುತ್ತದೆ. ಎರಡು ಗುಣಗಳು ಬೇರೆ ಬೇರೆ ಜಾಗದಲ್ಲಿ ತಮ್ಮ ಪಾಡಿಗೆ ಇದ್ದಿದ್ದರೆ ಒಂದು ಬಂದಾಗ ಇನ್ನೊಂದು ಹೀಗೆ ಸೊರಗಲು ಕಾರಣವಿರಲಿಲ್ಲ. ಅವೇ ಎಲೆಕ್ಟ್ರಾನ್‌ಗಳಿಗಾಗಿ ಎರಡೂ ಕಿತ್ತಾಡುತ್ತಿವೆ.

ಬೇರಿಯಂ ಜಾಗದಲ್ಲಿ ಪೊಟ್ಯಾಸಿಯಂ ಹಾಕಿದ 122ರ ಚರಿತ್ರೆ ಇಷ್ಟು ನೇರವಲ್ಲ. ಇದರಲ್ಲಿ ಗರಿಷ್ಠ 38 ಕೆಲ್ವಿನ್ ಸಿಗುತ್ತದೆ ಎಂದು ಜರ್ಮನಿಯ ಡಿರ್ಕ್ ಯೋಹ್ರೆಂಟ್ ಅವರ ತಂಡ 2008ರಲ್ಲಿ ತೋರಿಸಿತು. ಡೋಪಿಂಗ್ ತುಸು ಕಡಿಮೆ ಇದ್ದ ಹರಳುಗಳ ಮೇಲೆ 2009ರಲ್ಲಿ ನಡೆದ ಮ್ಯೂಆನ್ ಪ್ರಯೋಗವು ಸುಮಾರು ಅರ್ಧ ಘನಗಾತ್ರ ಮಾತ್ರ ಕಾಂತೀಯವೆಂದೂ, ದ್ವೀಪಗಳ ಗಾತ್ರ ಹತ್ತಾರು ನ್ಯಾನೋಮೀಟರ್ ಎಂದೂ ಹೇಳಿತು. ಅದನ್ನು ಎಲೆಕ್ಟ್ರಾನಿಕ್ ಬೇರ್ಪಡೆ ಎಂದು ಓದಲಾಯಿತು. ಎರಡು ವರ್ಷಗಳಲ್ಲಿ, ಹೆಚ್ಚು ಸಮರೂಪವಾದ ಮಾದರಿಗಳ ಮೇಲೆ ನಡೆದ ಕೆಲಸವು ಇಲ್ಲೂ ಇಡೀ ಘನಗಾತ್ರದಲ್ಲಿ ಸಹಬಾಳ್ವೆಯೇ ಇದೆ ಎಂದು ತೋರಿಸಿತು. ಪೊಟ್ಯಾಸಿಯಂ ಕುಲುಮೆಯ ತಾಪದಲ್ಲಿ ಆವಿಯಾಗಿ ಓಡಿಹೋಗುವ ಲೋಹ. ಹರಳಿನ ಉದ್ದಕ್ಕೂ ಅದನ್ನು ಸಮನಾಗಿ ಕೂರಿಸುವುದು ಬಹಳ ಕಷ್ಟ. ಆರಂಭದ ವರ್ಷಗಳ ಫಲಿತಾಂಶಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸಹಬಾಳ್ವೆಯೋ ಬೇರ್ಪಡೆಯೋ ಎಂಬುದಕ್ಕೆ ಅಷ್ಟೇಕೆ ಮಹತ್ವ?

ಎಲೆಕ್ಟ್ರಾನ್‌ಗಳು ಯಾವ ರೀತಿ ಜೋಡಿಯಾಗುತ್ತವೆ ಎಂಬುದರ ಸುಳಿವು ಅದರಲ್ಲಿದೆ. 2008ರಲ್ಲಿ ಇಗೋರ್ ಮಾಜಿನ್ ಮತ್ತು ಜೊತೆಗಾರರು, ಅದೇ ಹೊತ್ತಿಗೆ ಜಪಾನಿನಲ್ಲಿ ಕಜುಹಿಕೊ ಕುರೋಕಿ ಮತ್ತು ಜೊತೆಗಾರರು, ಎಲೆಕ್ಟ್ರಾನ್‌ಗಳ ಒಂದು ಗುಂಪಿನಲ್ಲಿ ಜೋಡಿಯನ್ನು ವಿವರಿಸುವ ತರಂಗದ ಚಿಹ್ನೆ ಧನವಾಗಿ, ಇನ್ನೊಂದು ಗುಂಪಿನಲ್ಲಿ ಋಣವಾಗಿ ಇರುತ್ತದೆ ಎಂದು ಸೂಚಿಸಿದರು. ಚಿಹ್ನೆ ಹೀಗೆ ಬದಲಾದರೆ ಅತಿವಾಹಕತೆಯೂ ಪಟ್ಟೆಯಾಕಾರದ ಕಾಂತತೆಯೂ ಒಂದೇ ಜಾಗದಲ್ಲಿ ಕಷ್ಟಪಟ್ಟಾದರೂ ಬಾಳಬಲ್ಲವು. ಎಲ್ಲೆಡೆ ಒಂದೇ ಚಿಹ್ನೆ ಇದ್ದರೆ ಪೈಪೋಟಿ ತೀರಾ ಕಟುವಾಗಿ, ಎರಡೂ ಬೇರೆ ಬೇರೆ ಭಾಗಗಳಿಗೆ ಸರಿಯಬೇಕಾಗುತ್ತದೆ ಎಂದು ಸಿದ್ಧಾಂತಿಗಳು ಲೆಕ್ಕ ಹಾಕಿದ್ದಾರೆ. ಕೋಬಾಲ್ಟ್ ಹಾಕಿದ 122ರ ಸಹಬಾಳ್ವೆ ಚಿಹ್ನೆ ಬದಲಾಗುವ ಪಕ್ಷದ ಪರವಾಗಿ ನಿಲ್ಲುತ್ತದೆ.

1111 ಗುಂಪಿನಲ್ಲೂ ಹೀಗೆಯೇ?

ಲ್ಯಾಂಥನಂ 1111ಕ್ಕೆ ಫ್ಲೋರಿನ್ ಹಾಕುತ್ತ ಹೋದರೆ ಸುಮಾರು ಶೇಕಡಾ 4 ಮತ್ತು 5ರ ನಡುವೆ ಕಾಂತತೆ ಥಟ್ಟನೆ ನಿಂತು ಅತಿವಾಹಕತೆ ಥಟ್ಟನೆ ಆರಂಭವಾಗುತ್ತದೆ ಎಂದು ಮ್ಯೂಆನ್ ಪ್ರಯೋಗಗಳು ತೋರಿಸಿದವು. ಸಮೇರಿಯಂ 1111ರಲ್ಲಿ ಎರಡೂ ಒಟ್ಟಿಗೆ ಕಾಣುವ ವಲಯವಿದೆ. ಕುಟುಂಬ ಒಂದೇ ಆದರೂ ಗಡಿಯ ಸ್ವರೂಪ ಒಂದೇ ಅಲ್ಲ.

ಪೊಟ್ಯಾಸಿಯಂ-ಕಬ್ಬಿಣ-ಸೆಲೆನೈಡ್ ವಿಷಯದಲ್ಲಿ ಅಷ್ಟು ವಾದ ನಡೆದದ್ದೇಕೆ?

ಬೇರ್ಪಡೆಯ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಕಬ್ಬಿಣದ ಸೆಲೆನೈಡ್ ತಾನಾಗಿ ಸುಮಾರು 8 ಕೆಲ್ವಿನ್‌ನಲ್ಲಿ ಅತಿವಾಹಕ. 2010ರಲ್ಲಿ ಚೀನಾದ ವಿಜ್ಞಾನಿಗಳು ಅದರ ಪದರಗಳ ನಡುವೆ ಪೊಟ್ಯಾಸಿಯಂ ಸೇರಿಸಿದಾಗ ಆ ತಾಪ 30 ಕೆಲ್ವಿನ್ ದಾಟಿತು. ಮರುವರ್ಷ ಅದೇ ಹರಳುಗಳ ಮೇಲೆ ನಡೆದ ನ್ಯೂಟ್ರಾನ್ ಪ್ರಯೋಗದಲ್ಲಿ ಕಂಡದ್ದು ಎಲ್ಲರನ್ನೂ ಬೆರಗುಗೊಳಿಸಿತು: ಕಬ್ಬಿಣದ ಐದು ಸ್ಥಾನಗಳಲ್ಲಿ ಒಂದು ಖಾಲಿ, ಆ ಖಾಲಿ ಸ್ಥಾನಗಳೂ ಕ್ರಮಬದ್ಧ, ಉಳಿದ ಕಬ್ಬಿಣ ನಾಲ್ಕು ನಾಲ್ಕರ ಗುಂಪುಗಳಾಗಿ, ಗುಂಪಿನೊಳಗೆ ಸ್ಪಿನ್‌ಗಳೆಲ್ಲ ಒಂದೇ ಕಡೆ, ಪಕ್ಕದ ಗುಂಪಿನಲ್ಲಿ ವಿರುದ್ಧ ಕಡೆ. ಮೊಮೆಂಟ್ 3.3 ಬೋರ್ ಮ್ಯಾಗ್ನೆಟಾನ್. ಕಾಂತೀಯ ಶಿಸ್ತು ಸುಮಾರು 559 ಕೆಲ್ವಿನ್‌ವರೆಗೂ ಉಳಿಯುತ್ತದೆ. ಅಂದರೆ ನೀರು ಕುದಿಯುವ ತಾಪಕ್ಕಿಂತಲೂ ಬಹಳ ಮೇಲೆ. ಇಷ್ಟು ಗಟ್ಟಿಯಾದ ಕಾಂತತೆಯ ನಡುವೆ 30 ಕೆಲ್ವಿನ್‌ನ ಅತಿವಾಹಕತೆ ಇರುವುದು ನಿಜವಾಗಿದ್ದರೆ ಅದುವರೆಗಿನ ತಿಳಿವಳಿಕೆಯನ್ನು ಬುಡದಿಂದಲೇ ತಿದ್ದಬೇಕಾಗುತ್ತಿತ್ತು.

ತಿದ್ದಬೇಕಾಗಲಿಲ್ಲ. ರುಬಿಡಿಯಂ ಸೇರಿಸಿದ ಸೋದರ ಸಂಯುಕ್ತದ ಮಾಸ್‌ಬೌವರ್ ರೋಹಿತದಲ್ಲಿ ಸುಮಾರು ಶೇಕಡಾ 88ರಷ್ಟು ಕಬ್ಬಿಣ ಕಾಂತೀಯ, ಶೇಕಡಾ 12ರಷ್ಟು ಅಕಾಂತೀಯ ಎಂದು ತಿಳಿಯಿತು; ಅತಿವಾಹಕತೆ ಈ ಸಣ್ಣ ಪಾಲಿನದು. ನ್ಯಾನೋ ಗಾತ್ರಕ್ಕೆ ಕೇಂದ್ರೀಕರಿಸಿದ ಎಕ್ಸ್-ರೇಯಲ್ಲಿ ಎರಡು ಜಾಲಕಗಳು ಬೇರೆಯಾಗಿಯೇ ಕಂಡವು. ಸಣ್ಣ ಪಾಲಿನ ಪ್ರಾವಸ್ಥೆ ಪದರದ ಸಮತಲದಲ್ಲಿ ತುಸು ಕುಗ್ಗಿ, ಲಂಬ ದಿಕ್ಕಿನಲ್ಲಿ ತುಸು ಹಿಗ್ಗಿರುತ್ತದೆ. ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ಖಾಲಿ ಸ್ಥಾನಗಳಿಲ್ಲದ ಭಾಗ ಅತಿವಾಹಕವಾಗಿಯೂ, ಕ್ರಮಬದ್ಧ ಖಾಲಿ ಸ್ಥಾನಗಳಿರುವ ಭಾಗ ಅವಾಹಕವಾಗಿಯೂ ಕಂಡಿತು. ಹರಳನ್ನು ಕುಲುಮೆಯಿಂದ ತಣಿಸುವಾಗ, ಕೋಣೆಯ ತಾಪಕ್ಕೆ ಬರುವ ಮೊದಲೇ ಈ ಬೇರ್ಪಡೆ ಮುಗಿದಿರುತ್ತದೆ.

ಆಗತಾನೇ ಸೀಳಿದ ಹರಳಿನ ಹೊಳೆಯುವ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಹಿಂದಕ್ಕೆ ಚಿಮ್ಮಿದ ಎಲೆಕ್ಟ್ರಾನ್‌ಗಳ ಚಿತ್ರದಲ್ಲಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಬೂದು ಹಿನ್ನೆಲೆಯ ಮೇಲೆ, ಒಂದಕ್ಕೊಂದು ಲಂಬವಾದ ಎರಡೇ ದಿಕ್ಕುಗಳಲ್ಲಿ ಹರಿಯುವ ಬಿಳಿ ಗೀರುಗಳು. ಆ ಗೀರುಗಳೇ ಸಣ್ಣ ಪಾಲಿನ ಪ್ರಾವಸ್ಥೆ. ಕುಲುಮೆಯಲ್ಲೇ ನಿಧಾನವಾಗಿ ತಣಿಸಿದ ಹರಳಿನಲ್ಲಿ ಅವು ಒಂದಕ್ಕೊಂದು ಮುಟ್ಟದ ದಪ್ಪ ತುಣುಕುಗಳು. ಬಿಸಿಯಿಂದ ನೇರ ತಣ್ಣೀರಿಗೆ ಅದ್ದಿ ತಣಿಸಿದ ಹರಳಿನಲ್ಲಿ ಬಲೆಯಂತೆ ಹೆಣೆದ ಎಳೆಗಳು. ಎರಡನೆಯದರಲ್ಲಿ ಅತಿವಾಹಕ ಬದಲಾವಣೆ ಹೆಚ್ಚು ಚುರುಕು. ಬೆಂಗಳೂರಿನ ಮಳೆಗಾಲದಲ್ಲಿ ಈ ಕೆಲಸ ಮಾಡುವವರು ಗ್ಲೋವ್ ಬಾಕ್ಸ್‌ನಿಂದ (ಹೊರಗಿನ ಗಾಳಿ ತಾಗದಂತೆ ಮುಚ್ಚಿದ, ಕೈಗವಸಿನ ಮೂಲಕ ಕೆಲಸ ಮಾಡುವ ಪೆಟ್ಟಿಗೆ) ಸೂಕ್ಷ್ಮದರ್ಶಕಕ್ಕೆ ಮಾದರಿ ಒಯ್ಯುವಾಗ ತಡಮಾಡಬಾರದು. ಗಾಳಿಯ ತೇವ ತಗುಲಿದರೆ ಹೊಳಪು ಮಾಸುತ್ತದೆ, ಆಮೇಲೆ ಕಾಣುವುದು ಹರಳಿನ ಗುಣವಲ್ಲ.

ಹಾಗಾದರೆ ಆ 88 ಶೇಕಡಾ ಕಾಂತೀಯ ಭಾಗಕ್ಕೆ ಅತಿವಾಹಕತೆಯಲ್ಲಿ ಯಾವ ಪಾತ್ರವೂ ಇಲ್ಲವೇ?

ಸಣ್ಣ ಪ್ರಾವಸ್ಥೆಯನ್ನು ಹಿಡಿದು ನಿಲ್ಲಿಸುವ ಚೌಕಟ್ಟಿನಂತೆ ಅದು ಕೆಲಸ ಮಾಡುತ್ತಿರಬಹುದು, ಏಕೆಂದರೆ ಆ ಪ್ರಾವಸ್ಥೆಯನ್ನು ಒಂಟಿಯಾಗಿ ದೊಡ್ಡ ಹರಳಾಗಿ ಬೆಳೆಸುವುದು ಬಹಳ ಕಷ್ಟವಾಗಿದೆ. ಆದರೆ ಅತಿವಾಹಕತೆಗೆ ಅದು ಅನಿವಾರ್ಯವಲ್ಲ ಎನ್ನಲು ಗಟ್ಟಿ ಕಾರಣಗಳಿವೆ. ಸೆಲೆನೈಡ್ ಪದರಗಳ ನಡುವೆ ಲಿಥಿಯಂ-ಕಬ್ಬಿಣದ ಹೈಡ್ರಾಕ್ಸೈಡ್ ಅಥವಾ ಅಮೋನಿಯಾ ಕೂಡಿದ ಲಿಥಿಯಂ ಇರುವ ಸಂಯುಕ್ತಗಳು ಕ್ರಮಬದ್ಧ ಖಾಲಿ ಸ್ಥಾನಗಳ ಪ್ರಾವಸ್ಥೆಯಿಲ್ಲದೆಯೇ 40 ಕೆಲ್ವಿನ್ ದಾಟುತ್ತವೆ. 2012ರಲ್ಲಿ ಚೀನಾದ ಷ್ವೆ ಚಿಕುನ್ ಅವರ ತಂಡವು ಸ್ಟ್ರಾಂಷಿಯಂ ಟೈಟನೇಟ್ ಮೇಲೆ ಬೆಳೆಸಿದ ಒಂದೇ ಪದರದ ಸೆಲೆನೈಡ್‌ನಲ್ಲಂತೂ ಅತಿವಾಹಕತೆಯ ಶಕ್ತಿ ಅಂತರ (ಎಲೆಕ್ಟ್ರಾನ್ ಜೋಡಿಯನ್ನು ಮುರಿಯಲು ಬೇಕಾಗುವ ಶಕ್ತಿಯ ಗುರುತು) ಸುಮಾರು 65 ಕೆಲ್ವಿನ್‌ವರೆಗೂ ಕಂಡಿದೆ.

ಕಾಂತತೆಯೇ ಇಲ್ಲದ ಸದಸ್ಯರೂ ಇದ್ದಾರೆಯೇ?

ಇದ್ದಾರೆ. ಲಿಥಿಯಂ 111 ಯಾವ ಡೋಪಿಂಗ್ ಇಲ್ಲದೆ, ಕಾಂತೀಯ ಶಿಸ್ತೂ ಇಲ್ಲದೆ, 18 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಕಬ್ಬಿಣದ ಸೆಲೆನೈಡ್‌ನಲ್ಲಿ ಸುಮಾರು 90 ಕೆಲ್ವಿನ್‌ನಲ್ಲಿ ನೆಮ್ಯಾಟಿಕ್ ಬದಲಾವಣೆ ಬರುತ್ತದೆ, ಅದರ ಹಿಂದೆ ಕಾಂತತೆ ಬರುವುದಿಲ್ಲ. ಒತ್ತಡ ಹೇರಿದಾಗ ಮಾತ್ರ ಕಾಂತೀಯ ಶಿಸ್ತು ಕಾಣಿಸಿಕೊಳ್ಳುತ್ತದೆ. ಕಾಂತತೆ ಸ್ಥಿರವಾಗಿಲ್ಲ ಎಂದ ಮಾತ್ರಕ್ಕೆ ಸ್ಪಿನ್‌ಗಳ ಏರಿಳಿತವೂ ಇಲ್ಲ ಎಂದು ತಿಳಿಯಬಾರದು; ಎರಡರಲ್ಲೂ ಅದು ಇದೆ.

ನಮ್ಮ ಮಾದರಿ ಸ್ಕ್ವಿಡ್ ಮಾಪಕದಲ್ಲಿ (ಅತಿ ಸಣ್ಣ ಕಾಂತತೆಯನ್ನೂ ಅಳೆಯುವ ಉಪಕರಣ) ಶೇಕಡಾ 100ರಷ್ಟು ಕಾಂತಕ್ಷೇತ್ರ ಹೊರಹಾಕಿತು. ಇಡೀ ಹರಳು ಅತಿವಾಹಕ ಎಂದು ಬರೆಯಬಹುದೇ?

ಬರೆಯಬಾರದು. ಪ್ರಾಜೆಕ್ಟ್ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಕ್ಷೇತ್ರವಿಲ್ಲದೆ ತಣಿಸಿ, ಆಮೇಲೆ ಸಣ್ಣ ಕ್ಷೇತ್ರ ಕೊಟ್ಟಾಗ ಹರಳಿನ ಹೊರಮೈಯಲ್ಲಿ ಅತಿವಾಹಕ ಎಳೆಗಳ ಮುಚ್ಚಿದ ಬಲೆಯೊಂದಿದ್ದರೆ ಸಾಕು, ಅದರ ಮೇಲೆ ಹರಿಯುವ ಪ್ರವಾಹ ಒಳಗಿನ ಅತಿವಾಹಕವಲ್ಲದ ಜಾಗವನ್ನೂ ಮರೆಮಾಡುತ್ತದೆ. ಮಾಪಕ ನೂರು ಎನ್ನುತ್ತದೆ. ನಿಜವಾದ ಪಾಲು ಹನ್ನೆರಡು ಇರಬಹುದು. ಚಪ್ಪಟೆ ಹರಳನ್ನು ಕ್ಷೇತ್ರಕ್ಕೆ ಅಡ್ಡವಾಗಿ ಇಟ್ಟು ಆಕಾರದ ತಿದ್ದುಪಡಿ ಮಾಡದೆ ಬಿಟ್ಟರೆ ಅಂಕಿ ನೂರನ್ನೂ ಮೀರುವುದುಂಟು. ರೋಧ ಸೊನ್ನೆಯಾಗುವುದು ಇನ್ನೂ ದುರ್ಬಲ ಸಾಕ್ಷ್ಯ, ಅದಕ್ಕೆ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಎಳೆ ಸಾಕು.

ಉಷ್ಣಧಾರಣೆಯನ್ನು ಅಳೆಯಿರಿ. ಎಳೆಗಳು ಅದನ್ನು ವಂಚಿಸಲಾರವು. ಅತಿವಾಹಕತೆ ಆರಂಭವಾಗುವ ತಾಪದಲ್ಲಿ ಉಷ್ಣಧಾರಣೆ ಥಟ್ಟನೆ ನೆಗೆಯುತ್ತದೆ; ಆ ನೆಗೆತದ ಎತ್ತರ ಅತಿವಾಹಕ ಘನಗಾತ್ರಕ್ಕೆ ತಕ್ಕಷ್ಟೇ ಇರುತ್ತದೆ, ಅತಿ ಕಡಿಮೆ ತಾಪದಲ್ಲಿ ಉಳಿಯುವ ಎಲೆಕ್ಟ್ರಾನಿಕ್ ಪಾಲು ಅತಿವಾಹಕವಾಗದ ಲೋಹೀಯ ಭಾಗವನ್ನು ತೋರಿಸುತ್ತದೆ. ಪ್ರೇಸಿಯೋಡೈಮಿಯಂ ಸೇರಿಸಿದ ಕ್ಯಾಲ್ಸಿಯಂ 122ರಲ್ಲಿ 45 ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯ ಕುರುಹು ಕಂಡು 2011ರಲ್ಲಿ ಸುದ್ದಿಯಾಯಿತು. ಅದರ ಘನಗಾತ್ರ ತೀರಾ ಸಣ್ಣದೆಂದು ಬೇಗನೆ ಗೊತ್ತಾಯಿತು.

ಈ ವಿಷಯದಲ್ಲಿ ಬೆಂಗಳೂರಿನಲ್ಲಿದ್ದುಕೊಂಡು ಕೆಲಸ ಮಾಡಲು ಸಾಧ್ಯವೇ?

ಸಾಧ್ಯ. ಬೆಂಗಳೂರಿಗೆ ಈ ಬಗೆಯ ಪ್ರಶ್ನೆಗಳು ಹೊಸವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1987ರಲ್ಲೇ ತಾಮ್ರದ ಆಕ್ಸೈಡ್ ಅತಿವಾಹಕಗಳ ಮೇಲೆ ಕೆಲಸ ಮಾಡಿತ್ತು. ಆಮೇಲೆ ಅವರೂ ಅವರ ಜೊತೆಗಾರರೂ ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲಿನ ಎಲೆಕ್ಟ್ರಾನಿಕ್ ಬೇರ್ಪಡೆಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಕಬ್ಬಿಣದ ಸಂಯುಕ್ತಗಳಿಗೆ ಕೈಹಾಕುವ ಮುನ್ನ ಅದನ್ನು ಓದುವುದು ಲಾಭಕರ. ಹರಳು ಬೆಳೆಸುವುದು, ಕಾಂತತೆ, ರೋಧ ಮತ್ತು ಉಷ್ಣಧಾರಣೆ ಅಳೆಯುವುದು ನಗರದ ಸಂಶೋಧನಾ ಸಂಸ್ಥೆಗಳಲ್ಲೇ ಆಗುವ ಕೆಲಸ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಿಂಕ್ರೋಟ್ರಾನ್‌ನ ಎಕ್ಸ್-ರೇ ಬೇಕೆಂದರೆ ಭಾರತೀಯರ ಬಳಕೆಯನ್ನು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೇ ಸಂಯೋಜಿಸುತ್ತದೆ. ನ್ಯೂಟ್ರಾನ್‌ಗೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಇದೆ. ಮ್ಯೂಆನ್‌ಗೆ ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್ ಅಥವಾ ಕೆನಡಾದ ಕೇಂದ್ರಗಳಿಗೆ ಅರ್ಜಿ ಹಾಕಬೇಕು.

ಕಾಲೇಜಿನ ಪ್ರಯೋಗಾಲಯದಲ್ಲಿ ಸಣ್ಣ ಪ್ರಮಾಣದಲ್ಲಿ ಇವುಗಳನ್ನು ತಯಾರಿಸಬಹುದೇ?

ಆರ್ಸೆನಿಕ್ ಇರುವವುಗಳನ್ನು ಖಂಡಿತ ಕೂಡದು. ಆರ್ಸೆನಿಕ್ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗದೆ ನೇರವಾಗಿ ಆವಿಯಾಗುತ್ತದೆ. ಮುಚ್ಚಿದ ಕ್ವಾರ್ಟ್ಸ್ ಕೊಳವೆ ಒಡೆದರೆ ವಿಷ ಕೋಣೆಯ ತುಂಬ ಹರಡುತ್ತದೆ. ಪೊಟ್ಯಾಸಿಯಂ ಇರುವ ಸೆಲೆನೈಡ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು: ಪೊಟ್ಯಾಸಿಯಂ ಆವಿ ಕ್ವಾರ್ಟ್ಸನ್ನೇ ತಿನ್ನುವುದರಿಂದ ಒಂದರೊಳಗೊಂದು ಎರಡು ಕೊಳವೆಗಳನ್ನು ಮುಚ್ಚಿ ಕಾಯಿಸುವುದು ರೂಢಿ. ಕಬ್ಬಿಣದ ಸೆಲೆನೈಡ್ ಇವುಗಳಿಗೆ ಹೋಲಿಸಿದರೆ ಸಾಧು, ಆದರೆ ಸೆಲೆನಿಯಂ ಆವಿಯೂ ವಿಷವೇ. ಹೊಗೆ ಹೊರಹಾಕುವ ಕಪಾಟು, ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಮತ್ತು ಈ ಕೆಲಸ ಮಾಡಿ ಪಳಗಿದ ಮಾರ್ಗದರ್ಶಕರು ಇಲ್ಲದ ಕಡೆ ಅದನ್ನೂ ತಯಾರಿಸಲು ಹೋಗಬೇಡಿ. ಹರಳು ಬೆಳೆಸುವ ತಂಡದಿಂದ ಸಿದ್ಧ ಹರಳನ್ನು ಪಡೆದು ಅಳತೆಯಿಂದ ಆರಂಭಿಸಿದರೆ ಒಂದು ಸೆಮಿಸ್ಟರ್‌ಗೆ ಸಾಕಷ್ಟು ಕೆಲಸವಿರುತ್ತದೆ.